ಕಂಪ್ಯೂಟರ್ ಬಂತು, ಬೀಗ ಯಾರು ತೆಗೀಬೇಕು?

1/9
ಮೊದಲು ಈ ಫೋಟೋ ನೋಡಿ. ಹಸಿರು ಬಾಗಿಲು, ದಪ್ಪ ಬೀಗ, ಮೇಲೆ ಗೋಡೆ ಮೇಲೆ ನೀಲಿ ಬಣ್ಣದಲ್ಲಿ 'ಗಣಕಯಂತ್ರ ಕೊಠಡಿ' ಅಂತ ಬರೆದಿದೆ. ನಾನು ಓದಿದ ಹೈಸ್ಕೂಲು ಇದು. ಹೆಸರು ಹೇಳಲ್ಲ, ಯಾಕಂದ್ರೆ ನಿಮ್ಮಲ್ಲಿ ಅರ್ಧ ಜನಕ್ಕೆ ಇದು ನಿಮ್ಮ ಶಾಲೆಯ ಥರಾನೇ ಕಾಣುತ್ತೆ.

ಎಂಟನೇ ಕ್ಲಾಸಿಂದ ಹತ್ತನೇ ಕ್ಲಾಸಿನ ತನಕ ನಾನು ಈ ಬಾಗಿಲ ಒಳಗೆ ಹೋಗಿದ್ದು ನಾಲ್ಕೇ ನಾಲ್ಕು ಸಲ. ಚಪ್ಪಲಿ ಹೊರಗೆ ಬಿಡಬೇಕು, ಸಾಲಾಗಿ ಹೋಗಬೇಕು, ಒಂದು ಕಂಪ್ಯೂಟರಿಗೆ ಆರು ಜನ. ಮಧ್ಯದಲ್ಲಿ ಕೂತವನಿಗೆ ಕೀಬೋರ್ಡು, ಪಕ್ಕದವನಿಗೆ ಮೌಸು, ಮಿಕ್ಕ ನಾಲ್ಕು ಜನಕ್ಕೆ ದರ್ಶನ. ನಾನು ಪ್ರತಿ ಸಲಾನೂ ದರ್ಶನದ ಗುಂಪು. ಹುಡುಗಿಯರು ಹಿಂದಿನ ಸಾಲಲ್ಲಿ ನಿಲ್ಲೋದು ಅಂತ ಯಾರೂ ರೂಲ್ ಮಾಡಿರಲಿಲ್ಲ, ಆದ್ರೂ ಹಾಗೇ ಆಗ್ತಿತ್ತು.

ಆಮೇಲೆ ಪಿಯುಸಿ, ಸಿಇಟಿ, ಕಂಪ್ಯೂಟರ್ ಸೈನ್ಸ್ ಸೀಟು. ಮೊದಲ ವರ್ಷದ ಲ್ಯಾಬಲ್ಲಿ ಪಕ್ಕದ ಹುಡುಗ ಟಕಟಕ ಅಂತ ಟೈಪ್ ಮಾಡ್ತಿದ್ರೆ ನಾನು ಸೆಮಿಕೋಲನ್ ಎಲ್ಲಿದೆ ಅಂತ ಹುಡುಕ್ತಾ ಕೂತಿದ್ದೆ. ಅವತ್ತು ಲ್ಯಾಬ್ ಮುಗಿಸಿ ಹಾಸ್ಟೆಲಿಗೆ ಬಂದು ಅತ್ತಿದ್ದು ನಿಜ.

ಈಗ ನೀವು ಡಿಎಂನಲ್ಲಿ ಅದೇ ಪ್ರಶ್ನೆ ಕೇಳ್ತಿದ್ದೀರಿ: "ಅಕ್ಕಾ, ಕನ್ನಡ ಮೀಡಿಯಂನಿಂದ ಬಂದು ಸಿಎಸ್ ತಗೊಂಡ್ರೆ ಆಗುತ್ತಾ?" ಒಂದು ಸಾಲಿನ ಉತ್ತರ ಕೊಡಬಹುದಿತ್ತು. ಅದಕ್ಕಿಂತ ನಮ್ಮ ದೇಶದಲ್ಲಿ ಈ ವಿದ್ಯೆ ಯಾರಿಗೆ, ಹೇಗೆ, ಯಾವಾಗ ಸಿಕ್ಕಿತು ಅನ್ನೋ ಕಥೆ ಹೇಳ್ತೀನಿ. ಒಂಬತ್ತು ಪೋಸ್ಟ್ ಇದೆ. ಸ್ವಲ್ಪ ತಾಳ್ಮೆ ಇರಲಿ 🙂

2/9
ಕಥೆ ಶುರುವಾಗೋದು ಬೆಂಗಳೂರಲ್ಲಿ ಅಲ್ಲ. ಗಂಗಾ ತೀರದ ಕಾನ್ಪುರದಲ್ಲಿ.

ಅದಕ್ಕೂ ಮೊದಲು ದೇಶದಲ್ಲಿ ಕಂಪ್ಯೂಟರ್ ಇರಲಿಲ್ವಾ? ಇತ್ತು. ಕಲ್ಕತ್ತಾದ ಇಂಡಿಯನ್ ಸ್ಟ್ಯಾಟಿಸ್ಟಿಕಲ್ ಇನ್‌ಸ್ಟಿಟ್ಯೂಟಿಗೆ 1950ರ ದಶಕದ ನಡುವಿನಲ್ಲೇ ಇಂಗ್ಲೆಂಡಿನಿಂದ ಒಂದು ಯಂತ್ರ ಬಂದಿತ್ತು. ಮುಂಬೈನ ಟಿಐಎಫ್‌ಆರ್‌ನಲ್ಲಿ ನಮ್ಮವರೇ ಕಟ್ಟಿದ 'ಟಿಫ್ರಾಕ್' 1960ರಲ್ಲಿ ಕೆಲಸ ಶುರುಮಾಡಿತ್ತು. ಆದರೆ ಅವು ಇದ್ದದ್ದು ಸಂಶೋಧನೆಗೆ. 18 ವರ್ಷದ ಹುಡುಗನೊಬ್ಬ ಕ್ಲಾಸಿನ ಪಾಠವಾಗಿ ಪ್ರೋಗ್ರಾಂ ಬರೆಯೋದು ಅನ್ನೋ ಯೋಚನೆ ಇನ್ನೂ ಬಂದಿರಲಿಲ್ಲ.

ಐಐಟಿ ಕಾನ್ಪುರ ಹುಟ್ಟಿದ್ದು 1959ರಲ್ಲಿ. ಸ್ವಂತ ಕಟ್ಟಡ ಇಲ್ಲ, ಊರಿನ ಇನ್ನೊಂದು ತಾಂತ್ರಿಕ ಸಂಸ್ಥೆಯ ಕ್ಯಾಂಟೀನ್ ಕಟ್ಟಡದಲ್ಲಿ ಶುರು. ಮೊದಲ ಡೈರೆಕ್ಟರ್ ಪಿ. ಕೆ. ಕೇಳ್ಕರ್, ಹುಟ್ಟಿದ್ದು ನಮ್ಮ ಧಾರವಾಡದಲ್ಲಿ. 1962ರಲ್ಲಿ ಅಮೆರಿಕದ ಒಂಬತ್ತು ವಿಶ್ವವಿದ್ಯಾಲಯಗಳು ಒಟ್ಟಾಗಿ ಈ ಸಂಸ್ಥೆಗೆ ಹತ್ತು ವರ್ಷ ನೆರವು ಕೊಡೋಕೆ ಒಪ್ಪಿಕೊಂಡವು. ಎಂಐಟಿ, ಬರ್ಕ್ಲಿ, ಪ್ರಿನ್ಸ್‌ಟನ್ ಎಲ್ಲ ಅದರಲ್ಲಿದ್ವು. ಆ ನೆರವಿನಲ್ಲೇ 1963ರ ಆಗಸ್ಟ್‌ನಲ್ಲಿ ಐಬಿಎಂ 1620 ಅನ್ನೋ ಕಂಪ್ಯೂಟರ್ ಕಾನ್ಪುರಕ್ಕೆ ಬಂತು.

ಯಂತ್ರದ ಜೊತೆ ಮನುಷ್ಯರೂ ಬಂದ್ರು, ಇದು ಮುಖ್ಯ, ನೆನಪಿಟ್ಕೊಳ್ಳಿ. ತಂಡದ ಹಿರಿಯ ಹ್ಯಾರಿ ಹಸ್ಕಿ. ಈ ಮನುಷ್ಯ ಎನಿಯಾಕ್ ಮೇಲೆ ಕೆಲಸ ಮಾಡಿದ್ದವರು, ಇಂಗ್ಲೆಂಡಿನಲ್ಲಿ ಅಲನ್ ಟ್ಯೂರಿಂಗ್ ಜೊತೆಗೂ ಇದ್ದವರು. ಪ್ಯಾಸ್ಕಲ್ ಭಾಷೆ ಮಾಡಿದ ನಿಕ್ಲಾಸ್ ವಿರ್ತ್ ಇವರ ಶಿಷ್ಯ. ಅಂಥವರು ಕಾನ್ಪುರದ ಬಿಸಿಲಿಗೆ ಬಂದು ಪಾಠ ಮಾಡಿದ್ರು.

3/9
ಈ ಐಬಿಎಂ 1620 ಎಷ್ಟು ಶಕ್ತಿಶಾಲಿ ಅಂತೀರಾ? ನಗಬೇಡಿ.

ಅದರ ಬೇಸಿಕ್ ಮಾದರಿಯ ಮೆಮೊರಿ 20,000 ಅಂಕಿ. ಒಂದು ಇಂಗ್ಲಿಷ್ ಅಕ್ಷರಕ್ಕೆ ಎರಡು ಅಂಕಿಯ ಜಾಗ ಬೇಕು. ಅಂದ್ರೆ ಹೆಚ್ಚೆಂದರೆ 10,000 ಅಕ್ಷರ. ನಾನು ಬರೀತಿರೋ ಈ ಒಂಬತ್ತು ಕ್ಯಾಪ್ಷನ್ ಕೂಡ ಅದರಲ್ಲಿ ಹಿಡಿಸಲ್ಲ!

ಇನ್ನೊಂದು ಮಜಾ ಏನಂದ್ರೆ ಅದಕ್ಕೆ ಸ್ವಂತವಾಗಿ ಕೂಡೋಕೂ ಬರ್ತಿರಲಿಲ್ಲ. ನಾವು ಒಂದನೇ ಕ್ಲಾಸಲ್ಲಿ ಮಗ್ಗಿ ಪುಸ್ತಕ ನೋಡಿ ಲೆಕ್ಕ ಮಾಡ್ತಿದ್ವಲ್ಲ, ಹಾಗೆ ಮೆಮೊರಿಯಲ್ಲಿ ತುಂಬಿಟ್ಟ ಕೂಡುವ ಪಟ್ಟಿ ನೋಡಿ ಉತ್ತರ ಹೇಳ್ತಿತ್ತು. ಅದಕ್ಕೇ ಅಮೆರಿಕದ ಹುಡುಗರು 'ಕೂಡೋಕೆ ಬರಲ್ಲ, ಪ್ರಯತ್ನವೂ ಮಾಡಲ್ಲ' ಅನ್ನೋ ಅರ್ಥದ ಅಡ್ಡಹೆಸರು ಇಟ್ಟಿದ್ರು.

ಸ್ಕ್ರೀನ್ ಇಲ್ಲ, ಮೌಸ್ ಇಲ್ಲ. ನೀವು ಮೊದಲು ಪ್ರೋಗ್ರಾಮನ್ನ ಹಾಳೆ ಮೇಲೆ ಪೆನ್ಸಿಲಲ್ಲಿ ಬರೀಬೇಕು. ಆಮೇಲೆ ಪಂಚ್ ಯಂತ್ರದ ಮುಂದೆ ಕೂತು ಒಂದೊಂದು ಸಾಲನ್ನೂ ಒಂದೊಂದು ರಟ್ಟಿನ ಕಾರ್ಡಿನಲ್ಲಿ ತೂತು ಹೊಡೀಬೇಕು. ಕಾರ್ಡಿಗೆ 80 ಕಾಲಂ. ನೂರು ಸಾಲಿನ ಪ್ರೋಗ್ರಾಂ ಅಂದ್ರೆ ನೂರು ಕಾರ್ಡಿನ ಕಟ್ಟು. ಅದನ್ನ ಎದೆಗೆ ಅವುಚಿಕೊಂಡು ಬರಬೇಕು. ದಾರಿಯಲ್ಲಿ ಎಡವಿ ಬಿದ್ರೆ ಪ್ರೋಗ್ರಾಮಿನ ಸಾಲುಗಳೆಲ್ಲ ಅದಲು ಬದಲು, ಕೂತು ಮತ್ತೆ ಜೋಡಿಸಿ!

ಕಾರ್ಡಿನ ಕೆಲಸ ಅಲ್ಲಿಗೂ ಮುಗಿಯಲ್ಲ. ಮೊದಲು ಫೋರ್ಟ್ರಾನ್ ಕಂಪೈಲರಿನ ಕಾರ್ಡುಗಳನ್ನ ಯಂತ್ರಕ್ಕೆ ತಿನ್ನಿಸಬೇಕು, ಆಮೇಲೆ ನಿಮ್ಮದು. ಯಂತ್ರ ನಿಮ್ಮ ಪ್ರೋಗ್ರಾಮನ್ನ ತನ್ನ ಭಾಷೆಗೆ ತಿರುಗಿಸಿ ಇನ್ನೊಂದು ಕಟ್ಟು ಕಾರ್ಡು ತೂತು ಹೊಡೆದು ಕೊಡುತ್ತೆ. ಅದನ್ನ ಮತ್ತೆ ಒಳಗೆ ಹಾಕಬೇಕು. ಆಗ ಉತ್ತರ. ಒಂದು ಅಲ್ಪವಿರಾಮ ತಪ್ಪಿದ್ರೆ ಮೊದಲಿಂದ.

ಇಷ್ಟೆಲ್ಲ ಪಾಡು ಪಟ್ಟು ಕಲಿತ ಹುಡುಗರಿಗೂ ಮೊದಲ ದಿನ ಏನೂ ಗೊತ್ತಿರಲಿಲ್ಲ. ದೇಶದಲ್ಲೇ ಗೊತ್ತಿದ್ದವರು ತೀರಾ ಕಡಿಮೆ. 'ನಾನು ಸೊನ್ನೆಯಿಂದ ಶುರು ಮಾಡ್ತಿದ್ದೀನಿ' ಅಂತ ಬೇಜಾರು ಮಾಡ್ಕೊಳ್ಳೋರು ಇದನ್ನ ಸೇವ್ ಮಾಡ್ಕೊಳ್ಳಿ.

4/9
ಈಗ ನನ್ನ ಪ್ರಕಾರ ಈ ಕಥೆಯ ಅತಿ ಮುಖ್ಯ ಭಾಗ.

ಅಷ್ಟು ದೂರದಿಂದ, ಅಷ್ಟು ದುಡ್ಡಿನ ಯಂತ್ರ ಬಂದಿದೆ. ದೇಶದಲ್ಲಿ ಇಂಥದ್ದು ಬೆರಳೆಣಿಕೆಯಷ್ಟು. ಕೆಟ್ಟರೆ ಬಿಡಿಭಾಗ ಕಡಲಾಚೆಯಿಂದ ಬರಬೇಕು. ನೀವು ಆ ಸಂಸ್ಥೆಯ ಜವಾಬ್ದಾರಿ ಹೊತ್ತವರಾಗಿದ್ರೆ ಏನು ಮಾಡ್ತಿದ್ರಿ? ನಿಜ ಹೇಳಿ. ಗಾಜಿನ ಕೋಣೆಯಲ್ಲಿಟ್ಟು ಬೀಗ ಹಾಕಿ, ಇಬ್ಬರು ಪ್ರೊಫೆಸರಿಗೆ ಮಾತ್ರ ಕೀ ಕೊಡ್ತಿದ್ರಿ ತಾನೇ?

ಕಾನ್ಪುರದಲ್ಲಿ ಹಾಗೆ ಮಾಡಲಿಲ್ಲ. ಕಂಪ್ಯೂಟರ್ ಸೆಂಟರನ್ನ ಹುಡುಗರಿಗೆ ತೆರೆದಿಟ್ಟರು. ಇಂಜಿನಿಯರಿಂಗ್ ಓದೋ ಎಲ್ಲರಿಗೂ ಪ್ರೋಗ್ರಾಮಿಂಗ್ ಕಡ್ಡಾಯ ಪಾಠ ಆಯ್ತು. ಸಿವಿಲ್ ಆಗಲಿ, ಮೆಕ್ಯಾನಿಕಲ್ ಆಗಲಿ, ಕಾರ್ಡು ತೂತು ಹೊಡೀಲೇಬೇಕು. ಮೇಷ್ಟ್ರುಗಳೂ ವಿದ್ಯಾರ್ಥಿಗಳ ಹಾಗೇ ಕೂತು ಕಲಿತರು.

ಅದು ಸಾಲದು ಅಂತ ಹೊರಗಿನವರಿಗೂ ಹತ್ತು ದಿನದ ಕೋರ್ಸು ಶುರುಮಾಡಿದ್ರು. ಬೇರೆ ಬೇರೆ ಊರಿನ ಕಾಲೇಜು ಮೇಷ್ಟ್ರುಗಳು, ಪ್ರಯೋಗಾಲಯದ ವಿಜ್ಞಾನಿಗಳು, ಕಾರ್ಖಾನೆಯ ಇಂಜಿನಿಯರುಗಳು ರೈಲು ಹತ್ತಿ ಕಾನ್ಪುರಕ್ಕೆ ಬಂದು, ಹತ್ತು ದಿನದಲ್ಲಿ ಫೋರ್ಟ್ರಾನ್ ಕಲಿತು, ತಮ್ಮ ಕೈಯಿಂದಲೇ ಪ್ರೋಗ್ರಾಂ ಓಡಿಸಿ ವಾಪಸ್ ಹೋಗ್ತಿದ್ರು. ಯಂತ್ರ ಇದ್ದದ್ದು ಒಂದೇ ಊರಲ್ಲಿ, ಆದರೆ ಕಲಿತವರು ಊರೂರಿಗೆ ಹಂಚಿಹೋದ್ರು.

ಆ ಸೆಂಟರಿನ ಮುಖ್ಯಸ್ಥರಾಗಿದ್ದವರು ಎಚ್. ಕೆ. ಕೇಶವನ್. ಎಲೆಕ್ಟ್ರಿಕಲ್ ವಿಭಾಗದ ಮುಖ್ಯಸ್ಥರೂ ಅವರೇ. ಆ 'ಎಚ್' ಏನು ಗೊತ್ತಾ? ಹಿರೇಮಗಳೂರು. ಚಿಕ್ಕಮಗಳೂರಿನ ಮಗ್ಗುಲಲ್ಲೇ ಇರೋ ಊರು. ಹೆಸರಿನ ಮುಂದೆ ಊರು ಸೇರಿಸಿಕೊಳ್ಳೋ ನಮ್ಮ ಪದ್ಧತಿ ಇದೆಯಲ್ಲ, ಅದು ಕಾನ್ಪುರದ ಕಂಪ್ಯೂಟರ್ ಸೆಂಟರಿನ ತನಕ ಹೋಗಿತ್ತು. ಚಿಕ್ಕಮಗಳೂರಿನ ಫಾಲೋವರ್ಸ್, ಕಾಲರ್ ಏರಿಸಿ 😄

5/9
ಈ ಫೋಟೋದಲ್ಲಿರೋದು ನಮ್ಮ ಕಾಲೇಜ್ ಲೈಬ್ರರಿಯ ಹಳೇ ಪುಸ್ತಕಗಳು. ಬೆನ್ನಿನ ಮೇಲೆ ಲೇಖಕರ ಹೆಸರು ನೋಡಿ: ವಿ. ರಾಜಾರಾಮನ್.

ತಮಿಳುನಾಡಿನ ಈರೋಡಿನಲ್ಲಿ ಹುಟ್ಟಿದವರು. 1950ರ ದಶಕದಲ್ಲಿ ಬೆಂಗಳೂರಿನ ಐಐಎಸ್‌ಸಿಯಲ್ಲಿ, ಅಂದ್ರೆ ನಮ್ಮ ಹಿರಿಯರು 'ಟಾಟಾ ಇನ್‌ಸ್ಟಿಟ್ಯೂಟ್' ಅನ್ನೋ ಜಾಗದಲ್ಲಿ ಓದಿದರು. ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ಪಿಎಚ್‌ಡಿ ಮಾಡಿ, ಅಲ್ಲೇ ಪಾಠ ಮಾಡ್ತಿದ್ದರು. ಅದನ್ನ ಬಿಟ್ಟು 1963ರಲ್ಲಿ ಕಾನ್ಪುರಕ್ಕೆ ಬಂದ್ರು.

1965ರಲ್ಲಿ, ಕೇಶವನ್ ಅವರ ಒತ್ತಾಸೆಯಿಂದ, ಎಂಟೆಕ್‌ನಲ್ಲಿ ಕಂಪ್ಯೂಟರ್ ಸೈನ್ಸನ್ನ ಒಂದು ವಿಷಯವಾಗಿ ಓದೋ ಅವಕಾಶ ಶುರುವಾಯ್ತು. ದೇಶದಲ್ಲಿ ಅದೇ ಮೊದಲು. ನೀವೀಗ ಸಿಇಟಿ ಕೌನ್ಸೆಲಿಂಗಲ್ಲಿ ಎಲ್ಲಕ್ಕಿಂತ ಮೇಲೆ ಹಾಕೋ ಆ ಎರಡಕ್ಷರದ ಬ್ರಾಂಚಿನ ಬೇರು ಅಲ್ಲಿದೆ.

ಆದರೆ ಕಲಿಸೋಕೆ ಪುಸ್ತಕ ಎಲ್ಲಿ? ವಿದೇಶಿ ಪುಸ್ತಕ ಹುಡುಗರ ಕೈಗೆ ಎಟುಕಲ್ಲ. ರಾಜಾರಾಮನ್ ತಮ್ಮ ಕ್ಲಾಸಿನ ನೋಟ್ಸನ್ನೇ ತಿದ್ದಿ ಪುಸ್ತಕ ಮಾಡಿದರು. ಪ್ರೋಗ್ರಾಮಿಂಗ್ ಬಗ್ಗೆ ಅವರ ಮೊದಲ ಪುಸ್ತಕ 1969ರಲ್ಲಿ ಬಂತು. ಆಮೇಲೆ ಒಂದಾದ ಮೇಲೊಂದು. ವಿದ್ಯಾರ್ಥಿ ಕೊಳ್ಳಬಹುದಾದ ಬೆಲೆ, ಸರಳ ಇಂಗ್ಲಿಷು. ಕಂಪ್ಯೂಟರನ್ನೇ ಕಾಣದ ಎಷ್ಟೋ ಕಾಲೇಜುಗಳಿಗೆ ಈ ಪುಸ್ತಕ ಮೊದಲು ಹೋಯ್ತು, ಕಂಪ್ಯೂಟರ್ ಆಮೇಲೆ ಬಂತು.

ಅದೇ ಕಾಲದಲ್ಲಿ ಮೈಸೂರಿನ ಎನ್‌ಐಇಯಲ್ಲಿ ಎಲೆಕ್ಟ್ರಿಕಲ್ ಮುಗಿಸಿದ ಶಿಡ್ಲಘಟ್ಟದ ಹುಡುಗನೊಬ್ಬ ಎಂಟೆಕ್‌ಗೆ ಅಂತ ಕಾನ್ಪುರ ಸೇರಿದ್ದ. 1968ರ ಒಂದು ಭಾನುವಾರ ತಿಂಡಿ ಹೊತ್ತಲ್ಲಿ ಅಮೆರಿಕದಿಂದ ಬಂದಿದ್ದ ಕಂಪ್ಯೂಟರ್ ವಿಜ್ಞಾನಿಯೊಬ್ಬರ ಮಾತು ಕೇಳಿ, ಎದ್ದು ಸೀದಾ ಲೈಬ್ರರಿಗೆ ಹೋಗಿ, ಅವರು ಹೇಳಿದ ನಾಲ್ಕೈದು ಪ್ರಬಂಧ ಓದಿ, ಇದನ್ನೇ ಓದ್ತೀನಿ ಅಂತ ತೀರ್ಮಾನ ಮಾಡಿದ. ಆತ ಎನ್. ಆರ್. ನಾರಾಯಣಮೂರ್ತಿ. ಮುಂದಿನದು ನಿಮಗೆ ಗೊತ್ತು. ನಾನು ಹೇಳಬೇಕಿದ್ದದ್ದು ಇಷ್ಟೇ: ದೊಡ್ಡವರು ತಿಂಡಿ ತಿನ್ನೋ ಟೇಬಲಲ್ಲಿ ಒಬ್ಬ ವಿದ್ಯಾರ್ಥಿಗೂ ಜಾಗ ಇತ್ತು.

6/9
ಒಂದು ಕ್ಯಾಂಪಸ್ಸಿಂದ ಇಡೀ ದೇಶಕ್ಕೆ ಹೋಗೋದು ಹೇಗೆ?

ಬೇಗ ಏನೂ ಆಗಲಿಲ್ಲ. ಕಾನ್ಪುರದಲ್ಲೇ ಕಂಪ್ಯೂಟರ್ ಸೈನ್ಸ್ ಬಿಟೆಕ್ ಶುರುವಾಗಿದ್ದು 1978ರಲ್ಲಿ, ಯಂತ್ರ ಬಂದ ಹದಿನೈದು ವರ್ಷದ ಮೇಲೆ. ಮೊದಲ ತಂಡಕ್ಕೆ ಎಷ್ಟು ಸೀಟು ಗೊತ್ತಾ? 20. ಇವತ್ತು ನಮ್ಮ ಕಾಲೇಜಿನ ಒಂದು ಸೆಕ್ಷನ್ನೇ ಅದರ ಮೂರರಷ್ಟಿದೆ.

ದೇಶಕ್ಕೆ ಪ್ರೋಗ್ರಾಮರ್‌ಗಳು ಬೇಕು, ಇಷ್ಟು ಸೀಟಿಂದ ಆಗಲ್ಲ ಅನ್ನೋದು ಸ್ಪಷ್ಟವಾಗಿತ್ತು. 1980ರ ದಶಕದ ಶುರುವಲ್ಲಿ ರಾಜಾರಾಮನ್ ಅಧ್ಯಕ್ಷತೆಯ ಸಮಿತಿ ಒಂದು ದಾರಿ ಹೇಳಿತು. ಇಂಜಿನಿಯರಿಂಗ್ ಸೇರದೆ ಬಿಎಸ್ಸಿ, ಬಿಕಾಂ ಓದಿದ ಮಕ್ಕಳು ಊರೂರಲ್ಲಿ ಇದ್ದಾರೆ. ಗಣಿತ ಗೊತ್ತಿದ್ರೆ ಸಾಕು, ಅವರಿಗೆ ಮೂರು ವರ್ಷ ಚೆನ್ನಾಗಿ ಕಲಿಸೋಣ. ಅದೇ ಎಂಸಿಎ.

ಇದರ ಬೆಲೆ ನಮ್ಮಂಥವರಿಗೆ ಗೊತ್ತು. ಹದಿನೇಳನೇ ವಯಸ್ಸಲ್ಲಿ ಒಂದು ಎಂಟ್ರೆನ್ಸ್ ಪರೀಕ್ಷೆಯಲ್ಲಿ ತಪ್ಪಿಹೋದವರಿಗೆ ಇಪ್ಪತ್ತೊಂದರಲ್ಲಿ ಇನ್ನೊಂದು ಬಾಗಿಲು. ನಿಮ್ಮ ಪಿಯು ಕಾಲೇಜಲ್ಲಿ ಪಿಸಿಎಂಸಿ ಹುಡುಗರಿಗೆ ಪಾಠ ಮಾಡಿದ ಮೇಡಂ ಎಂಸಿಎ ಮಾಡಿದ್ರಾ, ಕೇಳಿ ನೋಡಿ. ನಮ್ಮ ಮೇಡಂ ಮಾಡಿದ್ರು. ಅವರ ತಂದೆ ಅಕ್ಕಸಾಲಿ ಕೆಲಸ ಮಾಡ್ತಿದ್ರು, ಬಿಎಸ್ಸಿ ಆದ ಮೇಲೆ ಮದುವೆ ಅಂತಿದ್ದ ಮನೆಯವರನ್ನ 'ಇನ್ನು ಮೂರೇ ವರ್ಷ' ಅಂತ ಒಪ್ಪಿಸಿದ್ರಂತೆ.

1982ರಲ್ಲಿ ರಾಜಾರಾಮನ್ ಬೆಂಗಳೂರಿಗೆ ಮರಳಿದ್ರು. ಐಐಎಸ್‌ಸಿಯಲ್ಲಿ ಸೂಪರ್ ಕಂಪ್ಯೂಟರ್ ಕೇಂದ್ರ ಕಟ್ಟಿ ಬೆಳೆಸಿದ್ರು. ಆ ಹೊತ್ತಿಗೆ ನಮ್ಮ ರಾಜ್ಯದಲ್ಲಿ ಖಾಸಗಿ ಇಂಜಿನಿಯರಿಂಗ್ ಕಾಲೇಜುಗಳು ಒಂದರ ಹಿಂದೆ ಒಂದು ಬರ್ತಿದ್ವು. ಸೀಟು ಜಾಸ್ತಿ ಆಯ್ತು, ಜೊತೆಗೆ ಕ್ಯಾಪಿಟೇಷನ್ ಅನ್ನೋ ಪಿಡುಗೂ ಬಂತು. ಅದನ್ನ ತಡೆಯೋಕೆ ಕರ್ನಾಟಕ 1984ರಲ್ಲಿ ಕಾನೂನೇ ಮಾಡಬೇಕಾಯ್ತು. ವಿದ್ಯೆ ಹರಡೋದು ಬೇರೆ, ಎಲ್ಲರಿಗೂ ಎಟುಕೋದು ಬೇರೆ.

7/9
ಇಷ್ಟು ಹೊತ್ತು ಕಾಲೇಜಿನ ಕಥೆ. ಶಾಲೆಗೆ ಕಂಪ್ಯೂಟರ್ ಯಾವಾಗ ಬಂತು?

1984ರಲ್ಲಿ ಕೇಂದ್ರ ಸರ್ಕಾರ 'ಕ್ಲಾಸ್' ಅನ್ನೋ ಯೋಜನೆ ತಂತು. ಮೊದಲಿಗೆ ದೇಶದ ಸುಮಾರು 250 ಶಾಲೆಗಳಿಗೆ ಬಿಬಿಸಿ ಮೈಕ್ರೋ ಅನ್ನೋ ಪುಟ್ಟ ಕಂಪ್ಯೂಟರ್. 32 ಕಿಲೋಬೈಟ್ ಮೆಮೊರಿ. ನಮ್ಮ ಕೆಲವರ ಅಪ್ಪ ಅಮ್ಮ ಅದನ್ನ ನೋಡಿರಬಹುದು, ಕೇಳಿ.

ಹೆಸರಲ್ಲೇ ಬಿಬಿಸಿ ಯಾಕಿದೆ? ಅದು ಇಂಗ್ಲೆಂಡಿನಲ್ಲಿ ರೇಡಿಯೋ, ಟಿವಿ ನಡೆಸೋ ಬಿಬಿಸಿನೇ. ಜನಕ್ಕೆ ಕಂಪ್ಯೂಟರ್ ಕಲಿಸಬೇಕು ಅಂತ ಅವರು 1980ರ ದಶಕದ ಶುರುವಲ್ಲಿ ಒಂದು ದೊಡ್ಡ ಕಾರ್ಯಕ್ರಮ ಮಾಡಿದರು. ಅದಕ್ಕೆ ಟಿವಿ ಸರಣಿ, ಪುಸ್ತಕ, ಅದರ ಜೊತೆಗೇ ಈ ಯಂತ್ರ. ಟಿವಿಯಲ್ಲಿ ನೋಡಿದ್ದನ್ನ ಮನೆಯಲ್ಲಿ, ಶಾಲೆಯಲ್ಲಿ ಮಾಡಿ ನೋಡು ಅನ್ನೋ ಲೆಕ್ಕ. ಯಂತ್ರ ಆ ಯೋಜನೆಯ ಒಂದು ಭಾಗ ಅಷ್ಟೇ.

ನಮ್ಮಲ್ಲಿಗೆ ಬಂದಾಗ ಆ ಭಾಗ ಬಂತು, ಮಿಕ್ಕಿದ್ದು ಅಷ್ಟಾಗಿ ಬರಲಿಲ್ಲ. ಮೊದಮೊದಲು ಬಂದ ಪಾಠದ ಸಾಫ್ಟ್‌ವೇರು ಇಂಗ್ಲೆಂಡಿನ ಮಕ್ಕಳಿಗೆ ಅಂತ ಮಾಡಿದ್ದು, ಇಂಗ್ಲಿಷಿನಲ್ಲಿ. ಮೇಷ್ಟ್ರುಗಳಿಗೆ ಕೆಲವೇ ವಾರದ ತರಬೇತಿ. ಪರೀಕ್ಷೆಗೆ ಇಲ್ಲದ ವಿಷಯ, ಟೈಮ್‌ಟೇಬಲಲ್ಲಿ ಸರಿಯಾದ ಜಾಗ ಇಲ್ಲ. ತರಬೇತಿ ಪಡೆದ ಮೇಷ್ಟ್ರಿಗೆ ವರ್ಗ ಆದ್ರೆ ಮುಗೀತು. ಮುಂದೆ ಯೋಜನೆ ಎರಡು ಸಾವಿರಕ್ಕೂ ಹೆಚ್ಚು ಶಾಲೆಗೆ ಹಬ್ಬಿತು, ಆದರೆ ಒಬ್ಬ ಮಗುವಿನ ಬೆರಳಿಗೆ ಕೀಬೋರ್ಡು ಎಷ್ಟು ಹೊತ್ತು ಸಿಕ್ಕಿತು ಅನ್ನೋ ಪ್ರಶ್ನೆ ಹಾಗೇ ಉಳೀತು.

ಕಾನ್ಪುರವನ್ನ ಪಕ್ಕದಲ್ಲಿಟ್ಟು ನೋಡಿ. ಅಲ್ಲಿ ಯಂತ್ರ ಒಂದೇ, ಆದರೆ ಕಲಿಸೋ ಜನ, ಕಡ್ಡಾಯ ಪಾಠ, ಪುಸ್ತಕ, ತೆರೆದ ಬಾಗಿಲು ನಾಲ್ಕೂ ಇತ್ತು. ಇಲ್ಲಿ ಯಂತ್ರ ಸಾವಿರಾರು, ಉಳಿದ ನಾಲ್ಕು ಅರೆಬರೆ. ಹೋಲಿಕೆ ಪೂರ್ತಿ ನ್ಯಾಯ ಅಲ್ಲ ಅಂತ ಗೊತ್ತು. ಅಲ್ಲಿ ಆರಿಸಿ ತಂದ ವಿದ್ಯಾರ್ಥಿಗಳು, ಅಮೆರಿಕದ ದುಡ್ಡು. ಇಲ್ಲಿ ಕರೆಂಟೇ ಸರಿಯಾಗಿ ಇರದ ಊರುಗಳು. ಆದ್ರೂ ದುಡ್ಡಿಲ್ಲದೆ ಮಾಡಬಹುದಾಗಿದ್ದ ಒಂದು ಕೆಲಸ ಇತ್ತಲ್ಲ, ಬಾಗಿಲು ತೆಗೆಯೋದು?

8/9
ಈಗಿನ ಲೆಕ್ಕಕ್ಕೆ ಬರೋಣ.

2020ರ ರಾಷ್ಟ್ರೀಯ ಶಿಕ್ಷಣ ನೀತಿ ಮಾಧ್ಯಮಿಕ ಹಂತದಿಂದಲೇ, ಅಂದ್ರೆ ಆರನೇ ಕ್ಲಾಸಿನ ಆಸುಪಾಸಿನಿಂದ, ಮಕ್ಕಳಿಗೆ ಕೋಡಿಂಗ್ ಪರಿಚಯ ಆಗಬೇಕು ಅನ್ನುತ್ತೆ. ಕೇಳೋಕೆ ಚೆನ್ನಾಗಿದೆ. ಕೇಂದ್ರ ಶಿಕ್ಷಣ ಇಲಾಖೆಯ 2023-24ರ ಅಂಕಿ ಅಂಶ ನೋಡಿದ್ರೆ ದೇಶದ ಶಾಲೆಗಳಲ್ಲಿ ಕೆಲಸ ಮಾಡೋ ಕಂಪ್ಯೂಟರ್ ಇದ್ದದ್ದು 57.2%, ಇಂಟರ್ನೆಟ್ ಇದ್ದದ್ದು 53.9%. ಆಗ ನೂರರಲ್ಲಿ ನಲವತ್ತಕ್ಕೂ ಹೆಚ್ಚು ಶಾಲೆಯಲ್ಲಿ ಒಂದೂ ಇರಲಿಲ್ಲ. ಇದ್ದ 57ರಲ್ಲೂ ನಮ್ಮ ಶಾಲೆಯ ಹಸಿರು ಬಾಗಿಲು ಸೇರಿಕೊಂಡಿತ್ತು. ಅಂಕಿಯಲ್ಲಿ ಅದು 'ಇದೆ' ಅಂತಾನೇ ಲೆಕ್ಕ.

ಬೀಗ ಹಾಕಿದವರು ಕೆಟ್ಟವರಾ? ನಾನೂ ಹಾಗೇ ಅಂದ್ಕೊಂಡಿದ್ದೆ. ಹೋದ ವರ್ಷ ನಮ್ಮ ಹಳೇ ಮೇಷ್ಟ್ರನ್ನ ಕೇಳಿಯೇಬಿಟ್ಟೆ. "ಸರ್, ಯಾಕೆ ಸರ್ ನಮ್ಮನ್ನ ಒಳಗೇ ಬಿಡ್ತಿರಲಿಲ್ಲ?" ಅವರು ಸಿಟ್ಟಾಗಲಿಲ್ಲ. ಸ್ಟಾಕ್ ರಿಜಿಸ್ಟರ್ ತೋರಿಸಿದ್ರು. ಮಾನಿಟರ್, ಸಿಪಿಯು, ಮೌಸು, ಯುಪಿಎಸ್, ಎಲ್ಲದರ ಎದುರು ಅವರ ಸಹಿ. "ನೋಡಮ್ಮ, ಒಂದು ಮೌಸ್ ಕಳೆದ್ರೂ ಆಡಿಟ್‌ನಲ್ಲಿ ನಾನೇ ಉತ್ತರ ಕೊಡಬೇಕು. ನಾನು ಸಮಾಜ ವಿಜ್ಞಾನದ ಮೇಷ್ಟ್ರು. ನನಗೆ ಕಂಪ್ಯೂಟರ್ ಕಲಿಸಿದವರು ಯಾರು? ನೀವು ಏನಾದ್ರೂ ಒತ್ತಿ ಕೆಟ್ಟುಹೋದ್ರೆ ಸರಿ ಮಾಡೋಕೂ ನನಗೆ ಬರಲ್ಲ" ಅಂದ್ರು.

ನನಗೆ ಮಾತೇ ಹೊರಡಲಿಲ್ಲ. ನಾನು ಹೊರಗೆ ನಿಂತು ಹೆದರಿದ್ದೆ, ಅವರು ಒಳಗೆ ನಿಂತು ಹೆದರಿದ್ರು. ಕಾನ್ಪುರದಲ್ಲಿ ಮೇಷ್ಟ್ರುಗಳಿಗೂ ಹತ್ತು ದಿನ ಕೂತು ಕಲಿಯೋ ಜಾಗ ಇತ್ತು. ನಮ್ಮ ಸರ್‌ಗೆ ಸಿಕ್ಕಿದ್ದು ಒಂದು ಬೀಗದ ಕೈ, ಒಂದು ರಿಜಿಸ್ಟರು.

ಒಂದು ತಮಾಷೆನೂ ಹೇಳಿಬಿಡ್ತೀನಿ. 1963ರಲ್ಲಿ ಹುಡುಗರು ಹಾಳೆ ಮೇಲೆ ಪ್ರೋಗ್ರಾಂ ಬರೀತಿದ್ದದ್ದು ಯಂತ್ರ ಒಂದೇ ಇತ್ತು ಅಂತ. ನಾವು ಸೆಮಿಸ್ಟರ್ ಪರೀಕ್ಷೆಯಲ್ಲಿ ಇವತ್ತಿಗೂ ಹಾಳೆ ಮೇಲೇ ಪ್ರೋಗ್ರಾಂ ಬರೀತಿದ್ದೀವಿ. ಪಕ್ಕದ ಲ್ಯಾಬಲ್ಲಿ ಸಾಲು ಸಾಲು ಕಂಪ್ಯೂಟರ್ ಇರ್ತವೆ!

9/9
ಕೊನೆಯ ಫೋಟೋ. ಅದೇ ಹಸಿರು ಬಾಗಿಲು, ಬೀಗ ಇಲ್ಲ, ಹೊರಗೆ ಚಪ್ಪಲಿಗಳ ರಾಶಿ. (ಚಪ್ಪಲಿ ರೂಲ್ ಮಾತ್ರ ಬದಲಾಗಲಿಲ್ಲ 😅)

ಮೇಷ್ಟ್ರ ಜೊತೆ ಮಾತಾಡಿದ ಮೇಲೆ ನಾನು, ನನ್ನ ಇಬ್ಬರು ಕ್ಲಾಸ್‌ಮೇಟ್ಸ್ ಸೇರಿ ಹೆಡ್‌ಮಿಸ್ಟ್ರೆಸ್‌ಗೆ ಒಂದು ಅರ್ಜಿ ಕೊಟ್ವಿ. ರಜೆಯಲ್ಲಿ ಊರಿಗೆ ಬಂದಾಗ ಶನಿವಾರ ಮಧ್ಯಾಹ್ನ ಎರಡು ಗಂಟೆ ಲ್ಯಾಬ್ ತೆಗೀಲಿ, ಏನಾದ್ರೂ ಕೆಟ್ಟರೆ ನಾವು ರಿಪೇರಿ ಮಾಡಿಸ್ತೀವಿ ಅಂತ ಬರೆದು ಸಹಿ ಹಾಕಿದ್ವಿ. ಹನ್ನೊಂದು ಕಂಪ್ಯೂಟರಲ್ಲಿ ಆನ್ ಆಗಿದ್ದು ಆರು. ಎರಡರೊಳಗೆ ಇಲಿ ಗೂಡು ಕಟ್ಟಿತ್ತು. ಮೊದಲ ಶನಿವಾರ ಪೂರ್ತಿ ಧೂಳು ಒರೆಸಿದ್ದೇ ಆಯ್ತು.

ನಾವು ಒಂದೇ ರೂಲ್ ಮಾಡಿದ್ದು: ಇದುವರೆಗೂ ಕೀಬೋರ್ಡ್ ಮುಟ್ಟದವರು ಮಧ್ಯದಲ್ಲಿ ಕೂರಬೇಕು. ಗೊತ್ತಿರೋರು ಪಕ್ಕದಲ್ಲಿ ಕೂತು ಬಾಯಲ್ಲಿ ಹೇಳಬಹುದು, ಕೈ ಹಾಕೋ ಹಾಗಿಲ್ಲ. ಎಂಟನೇ ಕ್ಲಾಸಿನ ಒಬ್ಬಳು ತನ್ನ ಹೆಸರನ್ನ ಕನ್ನಡದಲ್ಲಿ ಟೈಪ್ ಮಾಡೋಕೆ ಹತ್ತು ನಿಮಿಷ ತಗೊಂಡಳು. ಯಾರೂ ನಗಲಿಲ್ಲ. ನಮ್ಮ ಸಮಾಜ ವಿಜ್ಞಾನದ ಮೇಷ್ಟ್ರು ಹಿಂದಿನ ಬೆಂಚಲ್ಲಿ ಕೂತಿದ್ರು. ಮೂರನೇ ಶನಿವಾರ ಅವರೇ ಮಧ್ಯದ ಕುರ್ಚಿಗೆ ಬಂದು ಕೂತ್ರು.

ಇದರಿಂದ ದೊಡ್ಡ ಕ್ರಾಂತಿ ಆಗಿಲ್ಲ. ಮೂರು ಜನ ವಿದ್ಯಾರ್ಥಿಗಳು ರಜೆಯಲ್ಲಿ ಮಾಡೋದು ಸರ್ಕಾರ ಮಾಡಬೇಕಾದ ಕೆಲಸದ ಬದಲಿಯೂ ಅಲ್ಲ. ಪ್ರತಿ ಶಾಲೆಗೂ ತರಬೇತಿ ಪಡೆದ ಮೇಷ್ಟ್ರು ಬೇಕು, ಮೌಸ್ ಕಳೆದ್ರೆ ಅವರ ಜೇಬಿಗೆ ಕೈ ಹಾಕದ ನಿಯಮ ಬೇಕು, ಟೈಮ್‌ಟೇಬಲಲ್ಲಿ ನಿಜವಾದ ಪೀರಿಯಡ್ ಬೇಕು. ಇದನ್ನ ನಾವು ಕೇಳ್ತಾನೇ ಇರಬೇಕು.

ಇನ್ನು ನಿಮ್ಮ ಡಿಎಂ ಪ್ರಶ್ನೆ. "ಆಗುತ್ತಾ ಅಕ್ಕಾ?" ಆಗುತ್ತೆ. ಮೊದಲ ಸೆಮಿಸ್ಟರ್ ಕಷ್ಟ ಇರುತ್ತೆ, ಸುಳ್ಳು ಹೇಳಲ್ಲ. ನಿಮ್ಮ ಪಕ್ಕದವರಿಗೆ ಬುದ್ಧಿ ಜಾಸ್ತಿ ಇರೋದಲ್ಲ, ಅವರಿಗೆ ಬಾಗಿಲು ಮೊದಲು ತೆಗೆದಿತ್ತು ಅಷ್ಟೇ. ದಿನಾ ಒಂದು ಗಂಟೆ ಲ್ಯಾಬಲ್ಲಿ ಕೂತ್ಕೊಳ್ಳಿ. ಸೆಮಿಕೋಲನ್ ಎಲ್ ಕೀಯ ಬಲಕ್ಕೆ ಇದೆ.

ಕಾಮೆಂಟಲ್ಲಿ ಹೇಳಿ: ನೀವು ಮೊದಲ ಸಲ ಕೀಬೋರ್ಡ್ ಮುಟ್ಟಿದ್ದು ಯಾವ ಕ್ಲಾಸಲ್ಲಿ? ನಿಮ್ಮ ಶಾಲೆಯ ಲ್ಯಾಬಿನ ಕೀ ಈಗ ಯಾರ ಹತ್ರ ಇದೆ? ಈ ದಸರಾ ರಜೆಯಲ್ಲಿ ಒಂದು ಸಲ ಹೋಗಿ ಕೇಳಿ ಬನ್ನಿ.

#ಕನ್ನಡದಲ್ಲಿಇತಿಹಾಸ #ಕಂಪ್ಯೂಟರ್‌ಕಥೆ #ಸರ್ಕಾರಿಶಾಲೆ #ಸಿಎಸ್‌ಹುಡುಗಿಯರು